ಮತದ ಹಕ್ಕಿಲ್ಲದ ನಾನು ಮತದಾರರಿಗೆ ಫೋನ್ ಮಾಡಬಹುದೇ?

ಪ್ರಶ್ನೆ: ಮೇಡಂ, ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇವೆ. ನನಗೆ ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಜೊತೆಯಲ್ಲಿರುವ ತಮ್ಮ ಇನ್ನೂ ಎಚ್-1ಬಿ ವೀಸಾದಲ್ಲಿದ್ದಾನೆ. ಮಗಳು ಇಲ್ಲಿಯೇ ಹುಟ್ಟಿದವಳು, ಈಗ 17 ವರ್ಷ. ಜೂನ್‌ನ ಪ್ರೈಮರಿಗೆ (ನವೆಂಬರ್ ಚುನಾವಣೆಯ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತಿನ ಮತದಾನಕ್ಕೆ) ಮೊದಲು ಒಬ್ಬ ಅಭ್ಯರ್ಥಿಯ ಪರವಾಗಿ ಮತದಾರರಿಗೆ ಕರೆ ಮಾಡಲು ಸ್ವಯಂಸೇವಕರು ಬೇಕೆಂದು ಸಂದೇಶ ಬಂದಿದೆ. ಮಗಳು ಹೋಗೋಣ ಎಂದು ಹಟ ಹಿಡಿದಿದ್ದಾಳೆ. ಮತ ಹಾಕುವ ಹಕ್ಕೇ ಇಲ್ಲದವರು ಇದನ್ನು ಮಾಡಬಹುದೇ? ಗುರುತಿಲ್ಲದ ನಂಬರನ್ನು ಯಾರೂ ಎತ್ತದ ಈ ಕಾಲದಲ್ಲಿ ಇದರಿಂದ ಏನಾದರೂ ಆಗುತ್ತದೆಯೇ? ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಜನ ಫೋನ್ ಇಟ್ಟುಬಿಟ್ಟರೆ ಎಂಬ ಅಳುಕೂ ಇದೆ. ಕನ್ನಡ ಕೂಟದ ಸದಸ್ಯರ ಪಟ್ಟಿ ನನ್ನ ಬಳಿ ಇದೆ, ಅದನ್ನು ಬಳಸಬಹುದೇ? ಕೊನೆಯದಾಗಿ, ನೀವು ಯಾರ ಪರ?

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಇಲ್ಲಿ ತಪ್ಪಿದರೆ ತಿದ್ದಿಕೊಳ್ಳುವುದು ಕಷ್ಟ.

ಮಾಡಬಹುದು. ಮೂವರೂ ಮಾಡಬಹುದು. ಚುನಾವಣಾ ಹಣಕಾಸಿನ ಕಾನೂನಿನ ಕಣ್ಣಿಗೆ ಗ್ರೀನ್ ಕಾರ್ಡ್ ಇರುವವರು ವಿದೇಶೀಯರಲ್ಲ. ನೀವು ಕರೆ ಮಾಡಬಹುದು, ಬಾಗಿಲು ತಟ್ಟಬಹುದು, ಇಷ್ಟವಿದ್ದರೆ ದೇಣಿಗೆಯನ್ನೂ ಕೊಡಬಹುದು. ನಿಮ್ಮ ತಮ್ಮನ ವಿಷಯ ಬೇರೆ. ವೀಸಾದಲ್ಲಿರುವವರು ಸಂಬಳವಿಲ್ಲದೆ ತಮ್ಮ ಸಮಯವನ್ನು ಕೊಡಬಹುದು, ಅಷ್ಟೇ. ಹತ್ತು ಡಾಲರ್ ಕೂಡ ಕೊಡುವಂತಿಲ್ಲ. ಪ್ರಚಾರ ಸಮಿತಿಯ ಅಂಗಡಿಯಲ್ಲಿ ಒಂದು ಟೀ ಶರ್ಟ್ ಕೊಂಡರೂ ಅದು ದೇಣಿಗೆಯ ಲೆಕ್ಕಕ್ಕೇ ಹೋಗುತ್ತದೆ, ಆದ್ದರಿಂದ ಅದೂ ಬೇಡ. ಹಣವನ್ನು ಎಲ್ಲಿ ಖರ್ಚು ಮಾಡಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ತೀರ್ಮಾನಗಳಲ್ಲಿಯೂ ಅವರು ಪಾಲ್ಗೊಳ್ಳಬಾರದು. ಪ್ರತಿಯಾಗಿ ಯಾವ ಭತ್ಯೆಯನ್ನೂ ಪಡೆಯಬಾರದು. ಕಚೇರಿಯ ಲ್ಯಾಪ್‌ಟಾಪ್ ಮತ್ತು ಕಚೇರಿಯ ಫೋನ್ ಮೂವರಿಗೂ ಬೇಡ.

ಮಗಳಿಗೆ ವಯಸ್ಸಿನ ಅಡ್ಡಿಯಿಲ್ಲ, ಸ್ವಯಂಸೇವೆಗೆ ಹದಿನೆಂಟು ತುಂಬಬೇಕಾಗಿಲ್ಲ. ಮತದಾನದ ದಿನದೊಳಗೆ ಹದಿನೆಂಟು ತುಂಬದಿದ್ದರೆ ಅವಳು ಪ್ರೈಮರಿಯಲ್ಲಿ ಮತ ಹಾಕಲಾರಳು. ವರ್ಜೀನಿಯಾ, ಮೇರಿಲ್ಯಾಂಡ್, ಒಹಾಯೊಗಳಲ್ಲಿ ನವೆಂಬರ್ ವೇಳೆಗೆ ಹದಿನೆಂಟು ತುಂಬುವವರಿಗೆ ಪ್ರೈಮರಿಯಲ್ಲಿಯೇ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಪ್ರಸ್ತಾವವನ್ನು 2020ರಲ್ಲಿ ಮತದಾರರ ಮುಂದಿಟ್ಟಾಗ ಅವರು ತಿರಸ್ಕರಿಸಿದರು. ಆದರೆ ಇಲ್ಲಿ ಹದಿನಾರರಿಂದಲೇ ಮುಂಗಡವಾಗಿ ಹೆಸರು ನೋಂದಾಯಿಸಬಹುದು. ಅದನ್ನು ಈ ವಾರವೇ ಮಾಡಿಸಿ.

ನಿಮಗೆ ಮತ್ತು ತಮ್ಮನಿಗೆ ಒಂದೇ ಒಂದು ಎಚ್ಚರಿಕೆ. ಕರೆಗಳ ನಡುವೆ ಉತ್ಸಾಹದಲ್ಲಿ ಯಾರಾದರೂ "ನೀವೂ ನೋಂದಾಯಿಸಿಕೊಳ್ಳಿ" ಎಂದು ಫಾರಂ ಮುಂದಿಟ್ಟರೆ ಮುಟ್ಟಬೇಡಿ. ಪೌರತ್ವವಿಲ್ಲದೆ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು, ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ನಾಳೆ ಪೌರತ್ವದ ಅರ್ಜಿ ತುಂಬುವಾಗ "ಎಂದಾದರೂ ನೋಂದಾಯಿಸಿದ್ದೀರಾ, ಮತ ಹಾಕಿದ್ದೀರಾ" ಎಂದು ನೇರವಾಗಿ ಕೇಳುತ್ತಾರೆ. ಗೊತ್ತಿಲ್ಲದೆ ಹಾಕಿದ ಒಂದು ಟಿಕ್ ಗುರುತು ಇಡೀ ಅರ್ಜಿಯನ್ನು, ಕೆಲವೊಮ್ಮೆ ಇಲ್ಲಿಯ ವಾಸವನ್ನೇ ಕೆಡಿಸಬಲ್ಲದು. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗಲೂ ಮತದಾರರ ನೋಂದಣಿ ಆಗಿಬಿಡಬಹುದು, ಅಲ್ಲಿಯ ಪೌರತ್ವದ ಪ್ರಶ್ನೆಯನ್ನು ಎರಡು ಸಲ ಓದಿ. ಮಿಕ್ಕ ಅನುಮಾನಗಳಿಗೆ ವಲಸೆ ವಕೀಲರನ್ನು ಕೇಳಿ. ನಾನು ಫೋನ್ ಕರೆಗಳ ತಂಡಗಳನ್ನು ನಡೆಸಿದವಳು, ವಕೀಲೆಯಲ್ಲ.

ಕನ್ನಡ ಕೂಟದ ಪಟ್ಟಿಯನ್ನು ಬಳಸಬೇಡಿ. ಅಮೆರಿಕದ ಬಹುಪಾಲು ಕೂಟಗಳು 501(ಸಿ)(3) ಎಂಬ ತೆರಿಗೆ ವಿನಾಯಿತಿಯಡಿ ನೋಂದಾಯಿತವಾಗಿವೆ. ಇಂಥ ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುವಂತಿಲ್ಲ. ಅದರ ಸದಸ್ಯರ ಪಟ್ಟಿಯನ್ನು ಒಬ್ಬ ಅಭ್ಯರ್ಥಿಗೆ ಪುಕ್ಕಟೆಯಾಗಿ ಕೊಡುವುದೂ ಅದರಲ್ಲೇ ಸೇರುತ್ತದೆ. ಯುಗಾದಿ ಊಟಕ್ಕೆ ಹೆಸರು ಕೊಟ್ಟವರಿಗೆ ರಾಜಕೀಯ ಕರೆ ಹೋದರೆ ಕಾನೂನಿಗಿಂತ ಮೊದಲು ಸ್ನೇಹ ಕೆಡುತ್ತದೆ. "ಅಂಚೆಯಲ್ಲಿ ಮನೆಗೆ ಮತಪತ್ರ ಬಂದಿದೆ, ಯಾರಿಗಾದರೂ ಹಾಕಿ, ಆದರೆ ಹಾಕಿ" ಎಂದು ಯಾವ ಪಕ್ಷವನ್ನೂ ಎತ್ತದೆ ಕೂಟವೇ ತನ್ನ ಸದಸ್ಯರಿಗೆ ನೆನಪಿಸಬಹುದು. ಪ್ರಚಾರದವರ ಬಳಿ ಹೇಗೂ ಅವರದೇ ಪಟ್ಟಿ ಇರುತ್ತದೆ. ಮತದಾರರ ಹೆಸರು, ವಿಳಾಸ ಮತ್ತು ಅವರು ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆ ಎಂಬುದು ಪ್ರಚಾರ ತಂಡಗಳು ಪಡೆಯಬಹುದಾದ ದಾಖಲೆ. ಯಾರಿಗೆ ಹಾಕಿದರು ಎಂಬುದು ಮಾತ್ರ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಫೋನ್ ಎತ್ತಿದವರು ಎಷ್ಟೋ ಸಲ ಗಾಬರಿಯಿಂದ ಇದನ್ನೇ ಕೇಳುತ್ತಾರೆ, ಆಗ ಧೈರ್ಯವಾಗಿ ಹೇಳಿ.

ಇನ್ನು ಪ್ರಯೋಜನದ ಪ್ರಶ್ನೆ. ನಮ್ಮೂರಿನಲ್ಲಿ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನಿಸುತ್ತದೆ. ಆಕಾಂಕ್ಷಿಗಳು ದೆಹಲಿಗೆ ವಿಮಾನ ಹತ್ತುತ್ತಾರೆ, ಬೆಂಬಲಿಗರು ಪಕ್ಷದ ಕಚೇರಿಯ ಮುಂದೆ ಕೂಗುತ್ತಾರೆ. ಅಮೆರಿಕದಲ್ಲಿ ಆ ಟಿಕೆಟನ್ನು ಕೊಡುವವರು ಮತದಾರರು, ಅದಕ್ಕಾಗಿ ನಡೆಯುವುದೇ ಪ್ರೈಮರಿ. ಕೊಡುವ ಅಧಿಕಾರವಿದ್ದರೂ ಕೊಡಲು ಬರುವವರು ಕಡಿಮೆ. ಅಧ್ಯಕ್ಷೀಯ ಚುನಾವಣೆಯಿಲ್ಲದ ವರ್ಷಗಳ ಪ್ರೈಮರಿಯಲ್ಲಿ ಐವರಲ್ಲಿ ಒಬ್ಬರು ಬಂದರೆ ಸಾಮಾನ್ಯ. ಬಂದವರ ಮತ ಹತ್ತಾರು ಅಭ್ಯರ್ಥಿಗಳಲ್ಲಿ ಹಂಚಿಹೋಗುತ್ತದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರ ಆಗಸ್ಟ್‌ನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸ್ಥಾನಕ್ಕಾಗಿ ಡೆಟ್ರಾಯಿಟ್‌ನ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯನ್ನು ಗೆದ್ದದ್ದು ಶೇ 28ರಷ್ಟು ಮತಗಳಿಂದ. ಆ ಕ್ಷೇತ್ರದಲ್ಲಿ ಅದನ್ನು ಗೆದ್ದವರಿಗೆ ನವೆಂಬರ್ ಬರಿಯ ಔಪಚಾರಿಕತೆ.

ನಿಮ್ಮ ಮಗ್ಗುಲಿನ ಕಥೆಯೇ ಇದೆಯಲ್ಲ. ಮೌಂಟನ್ ವ್ಯೂ, ಪಾಲೊ ಆಲ್ಟೊಗಳು ಸೇರಿರುವ 16ನೇ ಕಾಂಗ್ರೆಸ್ ಕ್ಷೇತ್ರದಲ್ಲಿ 2024ರ ಮಾರ್ಚ್ 5ರಂದು ಹನ್ನೊಂದು ಮಂದಿ ನಿಂತಿದ್ದರು. ಕ್ಯಾಲಿಫೋರ್ನಿಯಾದ ಪದ್ಧತಿಯಲ್ಲಿ ಪಕ್ಷ ಯಾವುದೇ ಇರಲಿ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಸ್ಯಾಮ್ ಲಿಕಾರ್ಡೊ ಮೊದಲಿಗರಾದರು. ಎರಡನೆಯ ಸ್ಥಾನದಲ್ಲಿ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ಇಬ್ಬರಿಗೂ ಬಂದದ್ದು ತಲಾ 30,249 ಮತಗಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಮಬಲವಾದರೆ ಇಬ್ಬರೂ ಮುಂದಕ್ಕೆ ಹೋಗಬೇಕು, ಅಂದರೆ ನವೆಂಬರ್‌ನಲ್ಲಿ ತ್ರಿಕೋನ ಸ್ಪರ್ಧೆ. ಮರು ಎಣಿಕೆಗೆ ಅರ್ಜಿ ಬಿತ್ತು, ವಾರಗಟ್ಟಲೆ ಎಣಿಸಿದರು, ಕೊನೆಗೆ ಐದು ಮತಗಳ ಅಂತರದಿಂದ ಸಿಮಿಟಿಯನ್ ಹೊರಗುಳಿದರು. ಆ ಐದು ಮತಗಳು ಯಾರ ಮನೆಯ ಊಟದ ಮೇಜಿನ ಮೇಲೆ ಜಾಹೀರಾತುಗಳ ರಾಶಿಯಡಿ ಮಲಗಿದ್ದವೋ! ಅಂಥ ರಾಶಿಯಿಂದ ಲಕೋಟೆಯನ್ನು ಹೊರಗೆ ತೆಗೆಸುವ ಕೆಲಸಕ್ಕೇ ನಿಮ್ಮನ್ನು ಕರೆಯುತ್ತಿರುವುದು.

ಸಂಶೋಧನೆ ಇಲ್ಲಿ ನಿಮಗೆ ಅನುಕೂಲವಾಗಿದೆ. ನವೆಂಬರ್‌ನ ಚುನಾವಣೆಯಲ್ಲಿ ಕರೆ ಮಾಡಿ ಒಬ್ಬರ ಮನಸ್ಸನ್ನು ತಿರುಗಿಸುವುದು ಹೆಚ್ಚು ಕಡಿಮೆ ಅಸಾಧ್ಯ. ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞರು ನಿಜವಾದ ಮತದಾರರ ಮೇಲೆ ನಡೆದ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ. ಜನ ಪಕ್ಷದ ಗುರುತನ್ನು ನೋಡಿ ಆಗಲೇ ತೀರ್ಮಾನಿಸಿರುತ್ತಾರೆ. ಪ್ರೈಮರಿಯಲ್ಲಿ ಆ ಗುರುತು ದಾರಿ ತೋರಿಸುವುದಿಲ್ಲ, ಒಂದೇ ಪಕ್ಷದ ಐದು ಹೆಸರುಗಳು ಎದುರಿಗಿರುತ್ತವೆ. ಅಲ್ಲಿ ಮಾತಿಗೆ ಬೆಲೆಯಿದೆ ಎಂದು ಅದೇ ಅಧ್ಯಯನ ಹೇಳುತ್ತದೆ.

ನನಗೆ ಹೆಚ್ಚು ಪ್ರಿಯವಾದದ್ದು ಇನ್ನೊಂದು ಪ್ರಯೋಗ. 2008ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವಿನ ಪ್ರೈಮರಿ ಕಾವೇರಿದ್ದಾಗ ಡೇವಿಡ್ ನಿಕರ್ಸನ್ ಮತ್ತು ಟಾಡ್ ರಾಜರ್ಸ್ 2,87,000ಕ್ಕೂ ಹೆಚ್ಚು ಮತದಾರರನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಕರೆಯೇ ಇಲ್ಲ. ಕೆಲವರಿಗೆ "ದಯವಿಟ್ಟು ಮತ ಹಾಕಿ" ಎಂಬ ಮಾಮೂಲಿ ಕರೆ. ಮತ್ತೆ ಕೆಲವರಿಗೆ ಮೂರು ಸರಳ ಪ್ರಶ್ನೆಗಳು: ಎಷ್ಟು ಗಂಟೆಗೆ ಹೋಗುತ್ತೀರಿ? ಎಲ್ಲಿಂದ ಹೊರಡುತ್ತೀರಿ? ಅದಕ್ಕೆ ಮೊದಲು ಏನು ಮಾಡುತ್ತಿರುತ್ತೀರಿ? ಈ ಮೂರನೆಯ ಗುಂಪಿನಲ್ಲಿ ಫೋನ್ ಎತ್ತಿದವರ ಮತದಾನ ನಾಲ್ಕು ಶೇಕಡಾ ಅಂಶಗಳಷ್ಟು ಏರಿತು. ಮಾಮೂಲಿ ಕರೆಯ ಫಲ ಅದಕ್ಕಿಂತ ಕಡಿಮೆ. ಏರಿಕೆ ಹೆಚ್ಚಾಗಿ ಕಂಡದ್ದು ಒಬ್ಬರೇ ಮತದಾರರಿರುವ ಮನೆಗಳಲ್ಲಿ. ಅದು ನನಗೆ ಆಶ್ಚರ್ಯವಾಗಿ ಕಾಣಲಿಲ್ಲ. ಹೆಂಡತಿಯೋ ಗಂಡನೋ ಜೊತೆಗಿದ್ದರೆ "ಯಾವಾಗ ಹೋಗೋಣ" ಎಂಬ ಪ್ರಶ್ನೆ ಅಡುಗೆಮನೆಯಲ್ಲಿಯೇ ಬಂದಿರುತ್ತದೆ. ಒಂಟಿಯಾಗಿರುವವರಿಗೆ ಅದನ್ನು ಕೇಳಲು ನೀವೇ ಬೇಕು.

ಉಚ್ಚಾರಣೆಯ ಅಳುಕು ಇಲ್ಲಿಗೆ ಬಂದು ಕರಗಬೇಕು. ನೀವು ಭಾಷಣ ಮಾಡಲು ಹೋಗುತ್ತಿಲ್ಲ. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು, ಅಷ್ಟೇ. ಇದೇ ನಿಕರ್ಸನ್ ಅವರ ಇನ್ನೊಂದು ಅಧ್ಯಯನ ಹೇಳುವಂತೆ, ಸಂಬಳದವರಾಗಲಿ ಸ್ವಯಂಸೇವಕರಾಗಲಿ, ಅವಸರವಿಲ್ಲದೆ ಮಾತನಾಡುವವರ ಕರೆ ಕೆಲಸ ಮಾಡುತ್ತದೆ. ಗಿಳಿಪಾಠ ಒಪ್ಪಿಸಿದರೆ ಮಾಡುವುದಿಲ್ಲ. ನನ್ನ ತಂಡದಲ್ಲಿ ಅತ್ಯಂತ ಕಳಪೆ ಕರೆಗಳನ್ನು ಮಾಡುತ್ತಿದ್ದವರು ಅಚ್ಚ ಅಮೆರಿಕನ್ ಉಚ್ಚಾರಣೆಯ ಕಾಲೇಜು ಹುಡುಗರು. ಕಾಗದದಲ್ಲಿದ್ದುದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದರು. ಅತ್ಯಂತ ಒಳ್ಳೆಯ ಕರೆಗಳು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರವು. ಹಾಸನದ ಕಡೆಯವರು, ಇಂಗ್ಲಿಷನ್ನು ತೂಗಿ ತೂಗಿ ಮಾತನಾಡುತ್ತಿದ್ದರು. ಆ ನಿಧಾನಕ್ಕೆ ಎದುರಿಗಿದ್ದವರೂ ನಿಧಾನವಾಗುತ್ತಿದ್ದರು.

ಆದರೂ ನಿರೀಕ್ಷೆ ಹದದಲ್ಲಿರಲಿ. ಕೈಯಿಂದ ಡಯಲ್ ಮಾಡುವ ಪದ್ಧತಿಯಲ್ಲಿ ಎರಡು ಗಂಟೆ ಕುಳಿತರೆ ನೀವು ಎಂಬತ್ತು ನಂಬರ್ ಮುಟ್ಟಬಹುದು, ನಿಜವಾಗಿ ಮಾತನಾಡುವವರು ಏಳೆಂಟು ಮಂದಿ. ಅವರಲ್ಲಿ ಇಬ್ಬರು ಸಿಡುಕುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಯಂತ್ರವೇ ಒಟ್ಟಿಗೆ ಹಲವು ನಂಬರುಗಳಿಗೆ ಕರೆ ಹೋಗಿಸಿ ಎತ್ತಿದವರನ್ನು ಮಾತ್ರ ನಿಮ್ಮ ಕಿವಿಗೆ ತಂದು ಕೂಡಿಸುತ್ತದೆ. ಆಗ ಮಾತುಕತೆಗಳ ಸಂಖ್ಯೆ ಎರಡು ಮೂರು ಪಟ್ಟು ಹೆಚ್ಚು. ಆದರೆ ಯಾರ ಹೆಸರು ಬಂತು ಎಂದು ಪರದೆಯಲ್ಲಿ ಓದುವಷ್ಟರಲ್ಲಿ ಅವರು ಎರಡು ಸಲ "ಹಲೋ" ಎಂದಿರುತ್ತಾರೆ. ಹೊಸಬರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಇಂಥ ತಂತ್ರಾಂಶಗಳಲ್ಲಿ ಒಂದಾದ ಕಾಲ್‌ಹಬ್‌ಗೆ ಬೆಂಗಳೂರಿನಲ್ಲಿ ಕಚೇರಿಯಿದೆ. ಅಮೆರಿಕದ ಮತದಾರರ ಫೋನ್ ರಿಂಗಣಿಸುವುದರ ಹಿಂದೆ ನಮ್ಮವರ ಕೈಯೂ ಇದೆ ಎಂಬುದು ನನಗೊಂದು ಸಣ್ಣ ಖುಷಿ.

ನಿಮ್ಮ ಪರದೆಯಲ್ಲಿ ಹೆಸರು, ವಯಸ್ಸು, ಓದಬೇಕಾದ ಮಾತು, ಕೆಳಗೆ ಗುರುತು ಹಾಕುವ ಚೌಕಗಳು ಇರುತ್ತವೆ: ಮನೆಯಲ್ಲಿಲ್ಲ, ತಪ್ಪು ನಂಬರ್, ಮಾತನಾಡಲು ಒಪ್ಪಲಿಲ್ಲ, ಬೇರೆ ಭಾಷೆ, ತೀರಿಕೊಂಡಿದ್ದಾರೆ. ಮಾತನಾಡಿದರೆ ಒಂದರಿಂದ ಐದರವರೆಗೆ ಅಂಕ. ಸಾಮಾನ್ಯವಾಗಿ ಒಂದು ಎಂದರೆ ಗಟ್ಟಿ ಬೆಂಬಲ, ಐದು ಎಂದರೆ ಗಟ್ಟಿ ವಿರೋಧ. ಹೊಸಬರು ಎಲ್ಲರೂ ಮಾಡುವ ತಪ್ಪು ಇಲ್ಲಿಯೇ. ಮರ್ಯಾದೆಯಿಂದ ಮಾತನಾಡಿದವರಿಗೆಲ್ಲ ಎರಡು ಅಂಕ ಹಾಕಿಬಿಡುತ್ತಾರೆ. "ನೋಡೋಣ, ಯೋಚಿಸುತ್ತೇನೆ" ಎಂದರೆ ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಅದರ ಅರ್ಥ ಏನು ಎಂದು ನಿಮಗೆ ಗೊತ್ತಲ್ಲ? ಅದು ಮೂರು ಅಥವಾ ನಾಲ್ಕು. ಕೊನೆಯ ವಾರ ಒಂದು, ಎರಡು ಅಂಕದವರಿಗೆ ಮಾತ್ರ "ಮತಪತ್ರ ಕಳಿಸಿದಿರಾ" ಎಂಬ ಕರೆ ಹೋಗುತ್ತದೆ. ನೀವು ಸಂಕೋಚದಿಂದ ಹಾಕಿದ ಎರಡು ಅಂಕ ನಿಮ್ಮ ಅಭ್ಯರ್ಥಿಯ ಎದುರಾಳಿಯ ಮತದಾರರನ್ನು ಎಬ್ಬಿಸಿ ಕಳಿಸುತ್ತದೆ.

"ತೀರಿಕೊಂಡಿದ್ದಾರೆ" ಎಂಬ ಚೌಕದ ಬೆಲೆ ನನಗೆ ಗೊತ್ತಾದದ್ದು ಮೊದಲ ವರ್ಷವೇ. ಒಬ್ಬ ಮಹಿಳೆಯ ಹೆಸರು ಹೇಳಿ ಕೇಳಿದೆ. ಎತ್ತಿದವರು ಮುದುಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಹೋಗಿ ಐದು ವಾರವಾಯಿತು. ಈ ವಾರ ಅವಳನ್ನು ಕೇಳಿದವರಲ್ಲಿ ನೀವು ಮೂರನೆಯವರು" ಎಂದರು. ಮೊದಲಿನ ಇಬ್ಬರು ಮುಜುಗರದಿಂದ ಫೋನ್ ಇಟ್ಟು ಬಹುಶಃ "ಮನೆಯಲ್ಲಿಲ್ಲ" ಎಂದು ಗುರುತು ಹಾಕಿದ್ದರು. ಪಟ್ಟಿ ಆ ಹೆಸರನ್ನು ಮತ್ತೆ ಮತ್ತೆ ಮೇಲಕ್ಕೆ ತರುತ್ತಿತ್ತು. ನಾನು ಕ್ಷಮೆ ಕೇಳಿ, ಸರಿಯಾದ ಚೌಕ ಒತ್ತಿ, ಆ ಸಂಜೆ ಮತ್ತೆ ಕರೆ ಮಾಡಲಿಲ್ಲ. ಎದ್ದು ಮನೆಗೆ ಹೋದೆ.

ಪಟ್ಟಿಯಲ್ಲಿ ಕನ್ನಡಿಗರ ಹೆಸರು ಬಂದರೆ ಹೇಗೆ? ಗುರುತಿಸಲು ಸ್ವಲ್ಪ ಕಷ್ಟವೇ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಾಗ ಊರಿನ ಹೆಸರೋ ತಂದೆಯ ಹೆಸರೋ ಮನೆತನದ ಜಾಗಕ್ಕೆ ಹೋಗಿ ಕುಳಿತಿರುತ್ತದೆ. ಹಿಂದಿನ ಸ್ವಯಂಸೇವಕ "ಮಿಸ್ಟರ್ ಹೊಸಹಳ್ಳಿ" ಎಂದು ಕರೆದಿರುತ್ತಾನೆ, ಅವರು "ಅಂಥವರು ಇಲ್ಲಿಲ್ಲ" ಎಂದಿರುತ್ತಾರೆ. ನೀವು ಸರಿಯಾಗಿ ಹೆಸರು ಹೇಳಿ, ಮೊದಲು ಇಂಗ್ಲಿಷಿನಲ್ಲಿ ನಿಮ್ಮ ಪರಿಚಯ ಕೊಟ್ಟು, ಕನ್ನಡದಲ್ಲಿ ಮಾತನಾಡಲೇ ಎಂದು ಕೇಳಿ. ಹಿರಿಯರಾದರೆ ಮುಂದಿನ ಪ್ರಶ್ನೆ ಅವರದು: "ಯಾವ ಕಡೆಯವರಮ್ಮ ನೀವು?" ಅಲ್ಲಿಗೆ ಇಪ್ಪತ್ತು ನಿಮಿಷ ಹೋಯಿತು ಎಂದೇ ತಿಳಿಯಿರಿ. ಹೋಗಲಿ. ಮಕ್ಕಳ ಜೊತೆಗಿರಲು ಬಂದು ಪೌರತ್ವ ಪಡೆದ ಎಷ್ಟೋ ತಂದೆತಾಯಿಗಳಿಗೆ ಪ್ರೈಮರಿಯ ಮತಪತ್ರ ಏನೆಂದೇ ಗೊತ್ತಿರುವುದಿಲ್ಲ. "ಮಗನೇ ತುಂಬಿ ಸಹಿ ಹಾಕಿದರೆ ಆಗದೇ?" ಎಂದು ಮುಗ್ಧವಾಗಿ ಕೇಳುತ್ತಾರೆ. ಆಗದು. ಲಕೋಟೆಯ ಮೇಲಿನ ಸಹಿಯನ್ನು ಕೌಂಟಿಯ (ಜಿಲ್ಲೆಯ) ಚುನಾವಣಾ ಕಚೇರಿಯವರು ತಮ್ಮ ದಾಖಲೆಯ ಸಹಿಯೊಂದಿಗೆ ಹೋಲಿಸುತ್ತಾರೆ. ಅಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಇಲ್ಲಿಯೂ ಕನ್ನಡದಲ್ಲಿಯೇ ಮಾಡಲಿ.

ಬೇರೆ ರಾಜ್ಯಗಳಿಗೂ ಮನೆಯಿಂದಲೇ ಕರೆ ಮಾಡಿಸುತ್ತಾರೆ, ಆಗ ಆ ರಾಜ್ಯದ ನಿಯಮ ತಿಳಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ಅಧ್ಯಕ್ಷೀಯ ಸ್ಪರ್ಧೆಯೊಂದನ್ನು ಬಿಟ್ಟರೆ ಪ್ರೈಮರಿಗೆ ಪಕ್ಷದ ನೋಂದಣಿ ಬೇಕಿಲ್ಲ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ಆ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಅವಕಾಶ. ನ್ಯೂಯಾರ್ಕ್‌ನಲ್ಲಂತೂ ಪಕ್ಷ ಬದಲಾಯಿಸುವ ಗಡುವು ಬಹಳ ಮೊದಲೇ ಮುಗಿದಿರುತ್ತದೆ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಈ ಗಡುವನ್ನು ತಪ್ಪಿಸಿಕೊಂಡು, ನ್ಯೂಯಾರ್ಕ್‌ನ ಪ್ರೈಮರಿಯಲ್ಲಿ ತಂದೆಗೇ ಮತ ಹಾಕಲಾಗಲಿಲ್ಲ. ಅವರ ಗತಿಯೇ ಹಾಗಾದರೆ ಸಾಮಾನ್ಯರು ಎಡವುವುದರಲ್ಲಿ ಏನಾಶ್ಚರ್ಯ? ದಿನಾಂಕ, ಸ್ಥಳ, ಗಡುವುಗಳನ್ನು ನೆನಪಿನಿಂದ ಹೇಳಲೇಬೇಡಿ. ಕೊಟ್ಟ ಕಾಗದದಲ್ಲಿದ್ದರೆ ಓದಿ, ಇಲ್ಲದಿದ್ದರೆ ಕೌಂಟಿಯ ಚುನಾವಣಾ ಕಚೇರಿಯನ್ನು ಕೇಳಲು ಹೇಳಿ.

ಜನ ಸಂಶಯಪಟ್ಟರೆ ಬೇಸರಿಸಬೇಡಿ, ಕಾರಣವಿದೆ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಎರಡು ದಿನ ಮೊದಲು ಅಧ್ಯಕ್ಷ ಬೈಡನ್ ಅವರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ತಯಾರಿಸಿ, ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಎಂಬ ಕರೆಗಳನ್ನು ಸಾವಿರಾರು ಮನೆಗಳಿಗೆ ಕಳಿಸಿದ್ದರು. ಅದರ ಹಿಂದಿದ್ದ ಸಲಹೆಗಾರನಿಗೆ ಫೆಡರಲ್ ಸಂವಹನ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು. ಆದ್ದರಿಂದ ನಿಮ್ಮ ಹೆಸರು, ಯಾರ ಪರವಾಗಿ ಮಾಡುತ್ತಿದ್ದೀರಿ, ಸ್ವಯಂಸೇವಕಿ ಎಂಬ ಮೂರನ್ನು ಮೊದಲ ಉಸಿರಿನಲ್ಲಿ ಹೇಳಿ. ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯಂಥದ್ದನ್ನು ಕೇಳಲೇಬೇಡಿ. ಕಲಿಯಲೆಂದು ಕೂಡ ಕರೆಯನ್ನು ರೆಕಾರ್ಡ್ ಮಾಡಬೇಡಿ, ಎದುರಿನವರ ಒಪ್ಪಿಗೆಯಿಲ್ಲದೆ ಅದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಕರೆ ಬೇಡವೆಂದು ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬರೆಸಿದವರಿಗೂ ರಾಜಕೀಯ ಕರೆ ಮಾಡಲು ಕಾನೂನು ಬಿಡುತ್ತದೆ. ಆದರೂ ಅವರು ರೇಗಿದರೆ ವಾದಕ್ಕೆ ಇಳಿಯದೆ "ಪಟ್ಟಿಯಿಂದ ತೆಗೆಸುತ್ತೇನೆ" ಎಂದು ಹೇಳಿ, ಹೇಳಿದಂತೆ ಗುರುತು ಹಾಕಿ. ರಾತ್ರಿ ಒಂಬತ್ತರ ನಂತರ ಬೇಡ. ಒಂಬತ್ತು ಎಂದರೆ ಅವರ ಊರಿನ ಒಂಬತ್ತು.

"ನಿನ್ನ ದೇಶಕ್ಕೆ ಹೋಗು" ಎಂದು ನನಗೆ ಇಷ್ಟು ವರ್ಷಗಳಲ್ಲಿ ಎರಡು ಸಲ ಹೇಳಿದ್ದಾರೆ. ಮಗಳ ಮುಂದೆ ನಿಮಗೆ ಹಾಗಾದರೆ ನೋವು ಹೆಚ್ಚು, ಅದಕ್ಕೆ ಮೊದಲೇ ಅವಳೊಂದಿಗೆ ಮಾತನಾಡಿಕೊಳ್ಳಿ. ಉತ್ತರ ಕೊಡಬೇಡಿ, "ಒಪ್ಪಲಿಲ್ಲ" ಎಂಬ ಚೌಕ ಒತ್ತಿ, ನೀರು ಕುಡಿಯಿರಿ. ಮೊದಲ ದಿನ ಸಾಧ್ಯವಾದರೆ ಒಂಟಿಯಾಗಿ ಮನೆಯಲ್ಲಿ ಕೂರದೆ ಅವರ ಕಚೇರಿಗೆ ಹೋಗಿ ಹತ್ತು ಜನರ ನಡುವೆ ಮಾಡಿ. ಪಕ್ಕದವರ ಕೆಟ್ಟ ಕರೆಗಳನ್ನು ಕೇಳಿದರೆ ನಿಮ್ಮವು ಅಷ್ಟೇನೂ ಕೆಟ್ಟದಾಗಿರಲಿಲ್ಲ ಅನ್ನಿಸುತ್ತದೆ.

ಯಾರ ಪರ ಎಂದು ಕೇಳಿದ್ದೀರಿ. ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಮತಗಳಿವೆ, ಇಬ್ಬರೂ ಇನ್ನೂ ತೀರ್ಮಾನಿಸಿಲ್ಲ. ನಿಮ್ಮ ಪಟ್ಟಿಯಲ್ಲಿ ನಮ್ಮ ನಂಬರ್ ಬಂದರೆ ಏಳು ಗಂಟೆಯ ಮೇಲೆ ಮಾಡಿ, ಅಷ್ಟು ಹೊತ್ತಿಗೆ ಅಡುಗೆ ಮುಗಿದಿರುತ್ತದೆ. ಮೂರು ಅಂಕ ಹಾಕಿಕೊಳ್ಳಿ.